ಖಾಲಿ ಮನಸ್ಸಲ್ಲ, ತುಂಬಿದ ಮನಸ್ಸು: ಹಂಪಿ ಕಂಡ ಧ್ಯಾನ

ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ಕಂಬಗಳ ಕೆತ್ತನೆಗೆ ಮನಸೋತವರು ಒಮ್ಮೆ ತಲೆಯೆತ್ತಿ ಛತ್ತನ್ನೂ ನೋಡಬೇಕು. ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ ಮಂಟಪವದು. ಅಲ್ಲಿನ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದಿದ್ದರೂ ಅವು ಹೇಳುವ ಕಥೆ ಮಾತ್ರ ಸ್ಪಷ್ಟ. ಗಿಳಿಗಳು ಎಳೆಯುವ ರಥವೇರಿದ ಮನ್ಮಥ ಧ್ಯಾನಸ್ಥ ಶಿವನತ್ತ ಹೂಬಾಣ ಹೂಡಿದ್ದಾನೆ. ಅದೇ ಛತ್ತಿನಲ್ಲಿ ಶಿವನ ಮದುವೆಯೂ ನಡೆದಿದೆ. ಧ್ಯಾನವನ್ನೂ ದಿಬ್ಬಣವನ್ನೂ ಒಂದೇ ಸೂರಿನಡಿ ತಂದ ಆ ಚಿತ್ರಕಾರರ ಧೈರ್ಯ ದೊಡ್ಡದು. ಇಂದು ಧ್ಯಾನವೆಂದರೆ ಕಣ್ಣುಮುಚ್ಚಿ ಮನಸ್ಸನ್ನು ಖಾಲಿ ಮಾಡಿಕೊಳ್ಳುವುದು ಎಂಬ ತಿಳಿವಳಿಕೆ ಬಲವಾಗಿದೆ. ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿದ ಮೇಲಂತೂ ಶಿಬಿರಗಳಿಗೆ, ಆ್ಯಪ್‌ಗಳಿಗೆ ಇನ್ನಷ್ಟು ಹುರುಪು ಬಂದಿದೆ. ಅವುಗಳಿಂದ ನಿದ್ದೆ ಬಂದವರಿಗೆ, ನೆಮ್ಮದಿ ಸಿಕ್ಕವರಿಗೆ ಒಳ್ಳೆಯದೇ ಆಗಲಿ. ಆದರೆ ಹಂಪಿಯ ಕಲ್ಲು, ಕಥೆ, ಜಾತ್ರೆಗಳು ಹೇಳುವ ಧ್ಯಾನ ಬೇರೆ: ಮನಸ್ಸನ್ನು ಒಂದರಿಂದಲೇ ತುಂಬಿಕೊಂಡು ಅದರಲ್ಲಿ ನೆಲೆನಿಲ್ಲುವುದು.

ಮಾತಿನ ಬಳಕೆಯೇ ಇದಕ್ಕೆ ಮೊದಲ ಸಾಕ್ಷಿ. ಧ್ಯಾನದ ಮೂಲ ಧಾತುವಿಗೆ ಚಿಂತಿಸು ಎಂದೇ ಅರ್ಥ. ಕನ್ನಡದಲ್ಲಿ ಧ್ಯಾನಕ್ಕೆ ಸದಾ ಒಂದು ವಿಷಯ ಬೇಕು. ಒಬ್ಬರಿಗೆ ಹರಿಯ ಧ್ಯಾನ, ಇನ್ನೊಬ್ಬರಿಗೆ ದುಡ್ಡಿನ ಧ್ಯಾನ. ಉತ್ತರ ಕರ್ನಾಟಕದ ತಾಯಿ ‘ನಿನ್ನ ದ್ಯಾಸ ಎಲ್ಲೈತಿ?’ ಎಂದು ಮಗನನ್ನು ಗದರುವಾಗ ಅವನ ಮನಸ್ಸು ಖಾಲಿಯಿದೆ ಎನ್ನುವುದಿಲ್ಲ, ಬೇರೆಲ್ಲೋ ನೆಟ್ಟಿದೆ ಎನ್ನುತ್ತಾಳೆ. ಜೈನರು ಇದನ್ನು ಶಾಸ್ತ್ರವಾಗಿಯೇ ವಿಂಗಡಿಸಿದರು. ಆರ್ತ, ರೌದ್ರ, ಧರ್ಮ, ಶುಕ್ಲ ಎಂದು ನಾಲ್ಕು ಧ್ಯಾನ. ದುಃಖದಲ್ಲಿ ಮುಳುಗುವುದೂ ಧ್ಯಾನ, ಕೇಡು ಬಗೆಯುವುದೂ ಧ್ಯಾನ. ಮೊದಲೆರಡನ್ನು ಬಿಡಬೇಕು ಅಷ್ಟೆ. ವಿಜಯನಗರದ ಅರಸ ಎರಡನೇ ಹರಿಹರನ ದಂಡನಾಯಕ ಇರುಗಪ್ಪ 1385ರ ಸುಮಾರಿಗೆ ಕುಂಥುನಾಥನಿಗೆ ಕಟ್ಟಿಸಿದ ಬಸದಿ, ಜನರ ಬಾಯಲ್ಲಿ ಗಾಣಗಿತ್ತಿ ಗುಡಿ, ಕಮಲಾಪುರದ ದಾರಿಯಲ್ಲಿ ಈಗಲೂ ನಿಂತಿದೆ. ಹಾಗಾಗಿ ಜೈನರ ಈ ವಿಂಗಡಣೆ ಈ ನೆಲಕ್ಕೆ ಹೊರಗಿನದಲ್ಲ.

ಛತ್ತಿನ ಚಿತ್ರವನ್ನೇ ತೋರಿಸಿ ಯಾರಾದರೂ ಆಕ್ಷೇಪಿಸಬಹುದು: ಶಿವ ಒಂಟಿಯಾಗಿದ್ದಾಗಲೇ ಧ್ಯಾನ ಇತ್ತು, ಇನ್ನೊಬ್ಬರು ಬಂದೊಡನೆ ಕೆಟ್ಟಿತು ಎಂದು. ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದರೆ ಹಾಗೆಯೇ ಕಾಣುತ್ತದೆ. ಮನ್ಮಥನ ಬಾಣ ಗೆಲ್ಲಲಿಲ್ಲ, ಅವನೇ ಬೂದಿಯಾದ. ಅದು ನಡೆದದ್ದು ಹಂಪಿಯ ಹೇಮಕೂಟ ಬೆಟ್ಟದಲ್ಲೇ ಎಂದು ಸ್ಥಳೀಯರ ನಂಬಿಕೆ. ಗೆದ್ದದ್ದು ಪಂಪೆಯ, ಎಂದರೆ ಪಾರ್ವತಿಯ ತಪಸ್ಸು, ಅಂದರೆ ಶಿವನನ್ನೇ ನೆನೆದ ಇನ್ನೊಂದು ಧ್ಯಾನ. ಹಂಪಿ ವರ್ಷವರ್ಷವೂ ಆಚರಿಸುವುದು ಈ ಗೆಲುವನ್ನು. ಚಳಿಗಾಲದ ಫಲಪೂಜೆಯಲ್ಲಿ ಪಂಪಾ-ವಿರೂಪಾಕ್ಷರ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ ಮತ್ತು ತೇರು. ಕಥೆಯ ಫಲ ನೋಡಬೇಕೆಂದರೆ ಸಂಡೂರಿನ ಬೆಟ್ಟ ಹತ್ತಬೇಕು. ತಾರಕನನ್ನು ಕೊಂದ ಕುಮಾರಸ್ವಾಮಿಯ ಗುಡಿ, ಪಕ್ಕದಲ್ಲೇ ತಾಯಿ ಪಾರ್ವತಿಯ ಗುಡಿ. ಸಂಸಾರಕ್ಕೆ ಬೆನ್ನು ಹಾಕುವುದೇ ಧ್ಯಾನವಾಗಿದ್ದರೆ ಹಂಪಿಯಿಂದ ಸಂಡೂರಿಗೆ ಕಥೆಯೇ ಸಾಗುತ್ತಿರಲಿಲ್ಲ.

ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಹನುಮಂತನೂ ಇದೇ ಮಾತು ಹೇಳುತ್ತಾನೆ. ಗದೆಯೆತ್ತಿ, ಬಾಲ ಬೀಸಿ ನಿಲ್ಲುವ ಹನುಮ ಇಲ್ಲಿ ಪದ್ಮಾಸನ ಹಾಕಿದ್ದಾನೆ. ಯತಿ ವ್ಯಾಸರಾಯರು ಇದ್ದಿಲಿನಿಂದ ಬರೆದ ಚಿತ್ರ ಜೀವ ತಳೆದು ಮತ್ತೆ ಮತ್ತೆ ಜಿಗಿದು ಹೋಗುತ್ತಿತ್ತು, ಕೊನೆಗೆ ಯಂತ್ರದೊಳಗೆ ನೆಲೆಗೊಳಿಸಿದರು ಎಂಬುದು ಐತಿಹ್ಯ. ದೇವರ ರೂಪವನ್ನು ಮನಸ್ಸಿಗೆ ತಂದುಕೊಡುವ ಶ್ಲೋಕಕ್ಕೆ ಧ್ಯಾನಶ್ಲೋಕ ಎಂಬ ಹೆಸರಿದೆ. ಶಿಲ್ಪಿ ಕೆತ್ತುವುದೂ ಅದನ್ನು ನೆಚ್ಚಿಯೇ. ಮೂರ್ತಿ ಕಲ್ಲಿಗೆ ಬರುವ ಮೊದಲು ಧ್ಯಾನದಲ್ಲಿ ನಿಲ್ಲಬೇಕು ಎಂಬ ಕಸುಬಿನ ಸತ್ಯವನ್ನೇ ಆ ಐತಿಹ್ಯ ಕಥೆಯಾಗಿಸಿದೆ.

ಅತಿ ಗಟ್ಟಿಯಾದ, ಅತಿ ತೊಡಕಿನ ಸಾಕ್ಷಿ 1528ರ ನರಸಿಂಹ. ಕೃಷ್ಣದೇವರಾಯ ಏಕಶಿಲೆಯಲ್ಲಿ ಕೆತ್ತಿಸಿದ 6.7 ಮೀಟರ್ ಎತ್ತರದ ಈ ಮೂರ್ತಿಗೆ ಜನ ‘ಉಗ್ರ’ ಎಂಬ ವಿಶೇಷಣ ಅಂಟಿಸಿದ್ದಾರೆ. ಉಬ್ಬಿದ ಕಣ್ಣು, ತೆರೆದ ಬಾಯಿ ಕಂಡರೆ ಹಾಗೆನ್ನಿಸುವುದು ಸಹಜ. ಮೊಣಕಾಲುಗಳನ್ನು ಬಿಗಿದ ಯೋಗಪಟ್ಟಿಯನ್ನು ತೋರಿಸಿ ‘ಯೋಗ’ ಎನ್ನುವವರೂ ಇದ್ದಾರೆ. ಆದರೆ ಈಗ ಕಾಣುವ ಆ ಕಲ್ಲಿನ ಪಟ್ಟಿ 1980ರ ದಶಕದ ದುರಸ್ತಿಯಲ್ಲಿ ಕೂಡಿಸಿದ್ದು, ಅದೊಂದನ್ನೇ ನೆಚ್ಚಿ ವಾದ ಕಟ್ಟುವಂತಿಲ್ಲ. ಪಟ್ಟಿಯನ್ನು ಬದಿಗಿಟ್ಟೇ ನೋಡೋಣ. ಆದಿಶೇಷನ ಸುರುಳಿಯ ಮೇಲೆ ಕಾಲು ಮಡಿಸಿ ಕುಳಿತ ಭಂಗಿ, ಮೇಲೆ ಏಳು ಹೆಡೆ. ಹಿರಣ್ಯಕಶಿಪು ಎಲ್ಲಿಯೂ ಇಲ್ಲ. ಎಡತೊಡೆಯ ಮೇಲೆ ಲಕ್ಷ್ಮಿಯಿದ್ದಳು. ಅವಳ ವಿಗ್ರಹ ಒಡೆದರೂ ಸ್ವಾಮಿಯ ಬೆನ್ನನ್ನು ಬಳಸಿದ ಕೈ ಉಳಿದಿದೆ. ತೊಡೆಯ ಮೇಲೆ ಹೆಂಡತಿಯಿದ್ದರೆ ಯೋಗವೆಲ್ಲಿ ಬಂತು ಎಂದು ಶಾಸ್ತ್ರ ಬಲ್ಲವರು ಕೇಳುತ್ತಾರೆ. ಮೂರ್ತಿಲಕ್ಷಣದ ಲೆಕ್ಕದಲ್ಲಿ ಅವರ ಮಾತು ಸರಿ, ಇದು ಲಕ್ಷ್ಮೀನರಸಿಂಹನೇ. ಆದರೆ ಧ್ಯಾನವನ್ನು ಯೋಗನರಸಿಂಹನಿಗಷ್ಟೇ ಬರೆದುಕೊಡಬೇಕೇ? ಬಿಟ್ಟ ಕಣ್ಣು, ಅಲುಗದ ಮೈ, ಪಕ್ಕದಲ್ಲಿ ಒಲಿದವಳು: ಇವು ಮೂರೂ ಒಂದೇ ಬಂಡೆಯಲ್ಲಿ ಕೂಡಿದ ಮೇಲೆ, ಕಣ್ಣು ಮುಚ್ಚಿದರೆ ಮಾತ್ರ ಧ್ಯಾನ ಎಂಬ ವಾದ ಹಂಪಿಯಲ್ಲಂತೂ ನಿಲ್ಲದು. ಮಾರ್ಗದರ್ಶಿಗಳು ‘ಉಗ್ರ’ವನ್ನು ಕೈಬಿಟ್ಟು ಲಕ್ಷ್ಮಿಯ ಹೆಸರನ್ನು ಮರಳಿ ಸೇರಿಸಿದರೆ ನೋಡುವವರ ದ್ಯಾಸವೂ ಹಲ್ಲಿನಿಂದ ಆ ಕೈಯತ್ತ ಹೊರಳೀತು.