ಆಯ, ವ್ಯಯ, ನೀವಿ: ಗೋವೆಯ ಕುಟುಂಬಜೀವನವನ್ನು ಕುರಿತು

ಒಂದು ನಾಡಿನ ಜನರು ಸುಖವಾಗಿರುವರೇ ಇಲ್ಲವೇ ಎಂಬುದನ್ನು ಅವರ ವರಮಾನವೊಂದರಿಂದಲೇ ನಿರ್ಣಯಿಸುವ ವಾಡಿಕೆ ಬಲವಾಗಿದೆ. ಕೌಟಿಲ್ಯನಾದರೋ ಸಮಾಹರ್ತೃವಿನ ಕರ್ತವ್ಯವನ್ನು ಹೇಳುವಲ್ಲಿ ಆಯ, ವ್ಯಯ, ನೀವಿ ಎಂಬ ಮೂರನ್ನೂ ಒಟ್ಟಿಗೆ ವಿಚಾರಿಸಿರುವನು. ಬಂದುದು ಆಯ, ಹೋದುದು ವ್ಯಯ, ಇವೆರಡನ್ನೂ ಶೋಧಿಸಿದ ಮೇಲೆ ಉಳಿದುದು ನೀವಿ. ಕೋಶಗಳಲ್ಲಿ ಈ ಶಬ್ದಕ್ಕೆ ಮೂಲಧನವೆಂದೂ, ಸ್ತ್ರೀಯರ ಉಡುಗೆಯ ಗಂಟೆಂದೂ ಅರ್ಥಗಳಿವೆ. ರಾಜಕೋಶಕ್ಕೆ ಹೇಳಿದ ಈ ಕ್ರಮವು ಗೃಹಸ್ಥನ ಮನೆಗೂ ಸಲ್ಲತಕ್ಕದ್ದೆಂಬುದನ್ನು ನೆರೆಯ ಗೋವಾರಾಜ್ಯದ ದೃಷ್ಟಾಂತದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಗೋವೆಯ ಕದಂಬರ ಕನ್ನಡ ಮತ್ತು ಸಂಸ್ಕೃತ ಶಾಸನಗಳನ್ನು ಬಲ್ಲ ವಾಚಕರಿಗೆ ಈ ನಾಡು ಅಪರಿಚಿತವಲ್ಲ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆ ಹೊಂದಿ, 1987ರ ಮೇ 30ರಂದು ಇದು ಪ್ರತ್ಯೇಕ ರಾಜ್ಯವಾಯಿತು. ಇದರ ವಿಸ್ತೀರ್ಣ 3,702 ಚದರ ಕಿಲೋಮೀಟರು ಮಾತ್ರ. ಭಾರತದ ರಾಜ್ಯಗಳಲ್ಲೆಲ್ಲ ಇದೇ ಕಿರಿದು. 2011ರ ಜನಗಣತಿಯಂತೆ ಜನಸಂಖ್ಯೆ 14,58,545.

ಮೊದಲು ಆಯದ ವಿಚಾರ. 2021-22ರಲ್ಲಿ ಈ ರಾಜ್ಯದ ತಲಾ ವಾರ್ಷಿಕ ವರಮಾನವು ನಾಲ್ಕು ಲಕ್ಷ ರೂಪಾಯಿಗಳನ್ನು ಮೀರಿತ್ತು. ಆದರೆ ಈ ಅಂಕಿಯ ಹುಟ್ಟನ್ನು ತಿಳಿಯಬೇಕು. ರಾಜ್ಯದ ಎಲ್ಲೆಯೊಳಗೆ ಒಂದು ವರ್ಷದಲ್ಲಿ ಉತ್ಪನ್ನವಾದುದರ ಮೌಲ್ಯವನ್ನು ಗಣಿಸಿ, ಯಂತ್ರಾದಿಗಳ ಸವಕಳಿಯನ್ನು ಕಳೆದು, ಜನಸಂಖ್ಯೆಯಿಂದ ಭಾಗಿಸಿದರೆ ಇದು ದೊರೆಯುವುದು. ಔಷಧಿಯ ಕಾರ್ಖಾನೆಯ ಲಾಭವು ಪರಸ್ಥಳದ ಒಡೆಯನಿಗೆ ಸಂದರೂ ಲೆಕ್ಕದಲ್ಲಿ ಅದು ಗೋವೆಯದೇ. ಜನಸಂಖ್ಯೆ ಅಲ್ಪವಾದುದರಿಂದ ಭಾಗಲಬ್ಧವು ಹಿರಿದಾಗಿ ಕಾಣುವುದು. ಹೀಗಾಗಿ ಅದು ನಾಡಿನಲ್ಲಿ ಹುಟ್ಟಿದ ಧನವನ್ನು ಹೇಳುವುದೇ ಹೊರತು ಮನೆಯೊಳಗೆ ಬಂದ ಧನವನ್ನಲ್ಲ.

ಇದಲ್ಲದೆ ಚಿಕ್ಕ ರಾಜ್ಯದ ಆಯವು ಕೆಲವೇ ಕಂಬಗಳ ಮೇಲೆ ನಿಂತಿರುವುದು. 2012ರಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಪುನಃ ಆರಂಭವಾದರೂ, ಸರ್ವೋಚ್ಚ ನ್ಯಾಯಾಲಯವು 88 ಗುತ್ತಿಗೆಗಳನ್ನು ರದ್ದುಗೊಳಿಸಿದುದರಿಂದ 2018ರ ಮಾರ್ಚಿಯಲ್ಲಿ ಮತ್ತೆ ಸ್ಥಗಿತವಾಯಿತು. ಸಾಲಮಾಡಿ ಲಾರಿ ಕೊಂಡವರೂ, ಮಾಂಡೋವಿ ಜುವಾರಿ ನದಿಗಳಲ್ಲಿ ಅದಿರು ಸಾಗಿಸುತ್ತಿದ್ದವರೂ ಏಕಕಾಲಕ್ಕೆ ನಿರುದ್ಯೋಗಿಗಳಾದರು. ಆಯವು ನಿಂತಿತು, ಒಲೆಯ ಖರ್ಚು ನಿಲ್ಲಲಿಲ್ಲ.

ಇನ್ನು ವ್ಯಯ. ಗೋವೆಯ ಅಡುಗೆಮನೆಗೆ ಬೇಕಾದ ತರಕಾರಿಯಲ್ಲಿ ಬಹುಭಾಗವು ಬೆಳಗಾವಿಯ ಕಡೆಯಿಂದ ಘಟ್ಟವಿಳಿದು ಬರುವುದು. ರಾಜ್ಯದ ತೋಟಗಾರಿಕಾ ನಿಗಮವು ಅಲ್ಲಿಂದ ಕೊಂಡು ತಂದು ತನ್ನ ಅಂಗಡಿಗಳಲ್ಲಿ ಸೋವಿಯಾಗಿ ಮಾರುವ ಏರ್ಪಾಡು ಹುಟ್ಟಿದುದು ಈ ಪರಾಧೀನತೆಯಿಂದಲೇ. 2020ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಗಡಿಗಳು ಮುಚ್ಚಿದಾಗ ಹಾಲು ತರಕಾರಿಗಳಿಗೂ ಜನರು ಪರದಾಡಿದರು. ಅನ್ನದೊಡನೆ ಮೀನೇ ಮುಖ್ಯಾಹಾರವಾದ ಆ ನಾಡಿನಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಮೀನು ತುಟ್ಟಿಯಾಗುವುದು. ಅದು ಮುಗಿಯುತ್ತಲೇ ಚವತಿಯ ಖರ್ಚು ಎದುರಾಗುವುದು. ಮನೆಯ ಬಾಡಿಗೆಯನ್ನಾದರೂ ನಿಷ್ಕರ್ಷಿಸುವುದು ಹಳ್ಳಿಯ ಸಂಬಳವಲ್ಲ, ಕಡಲತೀರಕ್ಕೆ ಬರುವ ಪ್ರವಾಸಿಯ ಕೈಚೀಲ.

ಹಾಗಾದರೆ ನೀವಿಯೇನು? ಇದಕ್ಕೆ ಸರಕಾರದ ಕಾರ್ಯವೇ ಪ್ರಮಾಣ. ಬೆಲೆಯೇರಿಕೆಯನ್ನು ತಾಳಿಕೊಳ್ಳಲೆಂದು ಗೃಹಿಣಿಯರಿಗೆ ಮಾಸಾಶನ ಕೊಡುವ ‘ಗೃಹ ಆಧಾರ’ ಯೋಜನೆಯು 2012ರಲ್ಲಿ ಆರಂಭವಾಯಿತು. ಗಂಡಹೆಂಡಿರಿಬ್ಬರ ಕೂಡು ವರಮಾನ ವರ್ಷಕ್ಕೆ ಮೂರು ಲಕ್ಷ ಮೀರದವರಿಗೆ ಮಾತ್ರ ಇದು ಸಲ್ಲುವುದು. ಫಲಾನುಭವಿಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಸರಾಸರಿಯಂತೆ ಒಬ್ಬೊಬ್ಬನಿಗೂ ನಾಲ್ಕು ಲಕ್ಷಕ್ಕೆ ಮಿಗಿಲಾಗಿ ಬರುವ ನಾಡಿನಲ್ಲಿ, ಇಬ್ಬರು ಸೇರಿಯೂ ಮೂರು ಲಕ್ಷವನ್ನು ಮುಟ್ಟದ ಮನೆಗಳು ಇಷ್ಟಿರುವುವು! ಸರಾಸರಿಯು ಸುಳ್ಳಲ್ಲ, ಆದರೆ ಅದು ಯಾರ ಮನೆಯ ಲೆಕ್ಕವೂ ಅಲ್ಲ.

ಕಿರಿದಾದ ರಾಜ್ಯಕ್ಕೆ ಗುಣವಿಲ್ಲವೆಂದು ಇದರಿಂದ ತಿಳಿಯಬಾರದು. ಶಾಲೆ ಹತ್ತಿರ, ಬಾಂಬೋಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ರಾಜ್ಯದ ಯಾವ ಮೂಲೆಯಿಂದ ಹೊರಟರೂ ಒಂದೇ ದಿನದಲ್ಲಿ ಹೋಗಿ ಬರಬಹುದು. ಇವು ವ್ಯಯವನ್ನು ತಗ್ಗಿಸಿ ನೀವಿಯನ್ನು ಕಾಯತಕ್ಕವು.

ಉತ್ತರ ಕರ್ನಾಟಕದಿಂದ ಕೂಲಿಗಾಗಿ ಘಟ್ಟವಿಳಿದು ಹೋದ ಕುಟುಂಬಗಳು ಅಲ್ಲಿ ಬಹಳವಿವೆ. ಗೋವೆಯಲ್ಲಿ ಕೂಲಿ ಹೆಚ್ಚೆಂಬ ಮಾತನ್ನು ನಂಬಿ ಹೋದವರು ಬಾಡಿಗೆಯನ್ನೂ ಅಕ್ಕಿ ಬೇಳೆಯನ್ನೂ ತೂಗಿ ನೋಡಿ, ಊರಿಗೆ ಕಳುಹಿಸುವ ಹಣವನ್ನು ಬೇರೆ ತೆಗೆದಿರಿಸಬೇಕು. ಅವರ ಬಾಳನ್ನು ಕುರಿತು ಬರೆಯುವವರೂ ಪಾಠ ಹೇಳುವವರೂ ಕೇಳತಕ್ಕ ಪ್ರಶ್ನೆ ‘ಎಷ್ಟು ಬರುತ್ತದೆ?’ ಎಂಬುದಲ್ಲ, ತಿಂಗಳ ಕೊನೆಯಲ್ಲಿ ಗೃಹಿಣಿಯ ಗಂಟಿನಲ್ಲಿ ಏನು ಉಳಿದಿದೆ ಎಂಬುದು.