ಬೆಟ್ಟ ಇಳಿದು ಬಂದ ಸೂಜಿಮಲ್ಲಿಗೆ

‘ಸೋಜುಗದ ಸೂಜುಮಲ್ಲಿಗೆ’ ಹಾಡು ಕೇಳದ ಕನ್ನಡಿಗರು ಈಗ ಸಿಗುವುದು ಕಷ್ಟ. ಅನನ್ಯಾ ಭಟ್ ದನಿಯಲ್ಲಿ ಇಂಟರ್‌ನೆಟ್ಟಿನಲ್ಲಿ ಹರಿದಾಡಿದ ಈ ಹಾಡು, 2021ರ ನವೆಂಬರಿನಲ್ಲಿ ತೆರೆಗೆ ಬಂದ ‘ಗರುಡ ಗಮನ ವೃಷಭ ವಾಹನ’ ಸಿನಿಮಾದಲ್ಲಿ ಚೈತ್ರಾ ಆಚಾರ್ ದನಿಯಲ್ಲಿ ಮತ್ತೆ ಬಂತು. ಕನ್ನಡ ಬಾರದವರೂ ಗುನುಗಿದರು. ಆದರೆ ಇದು ಸಿನಿಮಾ ಹಾಡಲ್ಲ. ಹಾಗಾದರೆ ಎಲ್ಲಿಯದು?

ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ್ದು. ಜನ ಏಳುಮಲೆ, ಎಪ್ಪತ್ತೇಳುಮಲೆ ಎನ್ನುವ ಆ ಕಾಡಿನ ಒಡೆಯ ಹುಲಿಯೇರಿದ ಮಾದಪ್ಪ. ಅವನ ಕತೆಯನ್ನು ಹಾಡುವವರು ದೇವರ ಗುಡ್ಡರು. ಗುರುವಿನಿಂದ ದೀಕ್ಷೆ ಪಡೆದು, ಜೋಳಿಗೆ ಹಿಡಿದು ಮನೆಮನೆಗೆ ಹೋಗುವವರು. ಕೈಯಲ್ಲಿ ಕಂಸಾಳೆ, ಅಂದರೆ ಕಂಚಿನ ಜೋಡಿ ತಾಳ. ದಮ್ಮಡಿಯೂ ಜೊತೆಗಿರುತ್ತದೆ. ಕತೆ ದೊಡ್ಡದು, ರಾತ್ರಿಯಿಡೀ ಹಾಡಿದರೂ ಮುಗಿಯದು. ಒಂದೊಂದು ಭಾಗಕ್ಕೆ ‘ಸಾಲು’ ಎಂದು ಹೆಸರು. ಶ್ರವಣನ ಸಾಲಿನಲ್ಲಿ ದೇವತೆಗಳನ್ನೇ ಸೆರೆಯಲ್ಲಿಟ್ಟ ದೊರೆಯ ಸಂಹಾರ. ಸಂಕಮ್ಮನ ಸಾಲಿನಲ್ಲಿ ಹೆಂಡತಿಯ ಮೇಲೆ ಅನುಮಾನ ಪಡುವ ನೀಲೇಗೌಡ, ಕಾಡಿನ ಗುಡಿಸಲಲ್ಲಿ ಒಂಟಿಯಾಗಿ ಉಳಿದ ಸಂಕಮ್ಮ, ಅವಳಿಗೆ ಮಕ್ಕಳ ಫಲ ಕೊಟ್ಟ ಮಾದಪ್ಪ. ಹುಟ್ಟಿದ ಕಾರಯ್ಯ, ಬಿಲ್ಲಯ್ಯ ಮಾದಪ್ಪನ ಶಿಷ್ಯರಾಗುತ್ತಾರೆ. ಅನುಮಾನದ ಗಂಡನ ಕತೆ ಇವತ್ತಿಗೂ ಹಳತಾಗಿಲ್ಲ ನೋಡಿ.

ಈ ಮಹಾಕಾವ್ಯದ ಮಗ್ಗುಲಲ್ಲೇ ಬೆಳೆದ ಬಿಡಿ ಹಾಡು ಸೂಜಿಮಲ್ಲಿಗೆ. ಸೋಜುಗ ಎಂದರೆ ಬೆರಗು. ಸೂಜಿಮಲ್ಲಿಗೆ ಸಣ್ಣ, ಚೂಪು ಮೊಗ್ಗಿನ ಮಲ್ಲಿಗೆ. ಪರಸೆಗೆ ಹೊರಟ ಭಕ್ತೆಯೊಬ್ಬಳು ತಾನು ತಂದಿದ್ದನ್ನೆಲ್ಲ ಎಣಿಸಿ ಹೇಳುತ್ತಾಳೆ: ತಾವರೆ, ಬಿಲ್ವಪತ್ರೆ, ತುಳಸಿ, ಬೆಳಗಿದ ತಪ್ಪಲೆ, ಕಾಯಿಸಿದ ತುಪ್ಪ, ಕಿತ್ತಳೆ ಹಣ್ಣು. ಪರಸೆ ಎಂದರೆ ಜಾತ್ರೆ, ನಮ್ಮಲ್ಲಿ ಕೆಲವರು ಪರಿಷೆ ಎನ್ನುತ್ತಾರೆ. ಬೆಟ್ಟ ಹತ್ತುವಾಗ ಮನೆಯ ಹಂಬಲ ಯಾಕೆ ಎಂದೂ ಹಾಡು ಕೇಳುತ್ತದೆ. ಊರು ಬಿಟ್ಟು ಮಹಾನಗರಕ್ಕೆ ಬಂದ ನಮ್ಮಂಥವರಿಗೆ ಆ ಮಾತು ಬೇರೆಯೇ ಕಡೆ ತಾಗುತ್ತದೆ.

ಬೆಟ್ಟದ ಹಾಡು ಪೇಟೆಗೆ ಬಂದದ್ದು ಇದೇ ಮೊದಲಲ್ಲ. 1996ರ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ‘ಕೋಲುಮಂಡೆ’ ಹಾಡನ್ನು ತಂದರು. ಎಲ್.ಎನ್. ಶಾಸ್ತ್ರಿ ಹಾಡಿದರು, ರಾಜ್ಯ ಪ್ರಶಸ್ತಿ ಬಂತು. ಅಲ್ಲಿ ಮಾದಪ್ಪ ಭಿಕ್ಷೆಗೆ ಬಂದ ಜಂಗಮ. (ಆ ಸಿನಿಮಾದ ಕತೆ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿಯದು, ಹಾಡು ಮಾತ್ರ ಅಪ್ಪಟ ನಮ್ಮದು!) ಸಿನಿಮಾದಾಚೆ, ಕಂಸಾಳೆ ಮಹದೇವಯ್ಯನವರ ಕ್ಯಾಸೆಟ್‌ಗಳೂ ಈ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದ್ದವು.

ಪೇಟೆಗೆ ಬರುವಾಗ ಹಾಡು ಏನು ಕಳೆದುಕೊಂಡಿತು? ಮೊದಲಿಗೆ ಕಂಸಾಳೆಯ ಗಲಗಲ. ಅಲ್ಲಿ ಒಬ್ಬ ಎತ್ತಿಕೊಟ್ಟರೆ ಹಿಮ್ಮೇಳ ಹಿಂಬಾಲಿಸುತ್ತದೆ. ಜನ ತಲೆದೂಗಿದರೆ ಹಾಡು ಉದ್ದವಾಗುತ್ತದೆ. ಸ್ಟುಡಿಯೋದಲ್ಲಿ ಅದು ಒಂಟಿ ದನಿಯ ನಿಧಾನದ ಹಾಡಾಯಿತು, ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಇದನ್ನು ಕೆಡುಕೆಂದು ನಾನು ಹೇಳಲಾರೆ. ಮಂಗಳೂರಿನ ರೌಡಿಗಳ ಕೊಲೆ, ಸೇಡುಗಳ ನಡುವೆ ಆ ಮೆಲುದನಿ ಎದೆ ನಡುಗಿಸುತ್ತದೆ. ಕತೆಯ ನಾಯಕರೂ ಶಿವ, ಹರಿ ತಾನೆ! ಮೆಚ್ಚಬೇಕಾದ್ದು ಇನ್ನೊಂದಿದೆ. ಆಡುಮಾತನ್ನು ತಿದ್ದಿ ಪುಸ್ತಕದ ಕನ್ನಡ ಮಾಡಲಿಲ್ಲ.

ಮಹಾರಾಷ್ಟ್ರದಲ್ಲಿರುವ ಕೇಳುಗರಿಗೆ ಇದು ಹೊಸದೆನಿಸದು. ನಾಶಿಕ್ ಜಿಲ್ಲೆಯ ಮಾಲೇಗಾಂವ್ ಬಳಿಯ ಚಂದನಪುರಿ, ಖಂಡೋಬನ ಎರಡನೆಯ ಹೆಂಡತಿ ಬಾಣಾಯಿಯ ಊರು. ಅವಳಿಗಾಗಿ ದೇವರೇ ಕುರಿ ಕಾಯುವ ಆಳಾಗಿ ದುಡಿದ ಕತೆಯನ್ನು ವಾಘ್ಯಾ-ಮುರಳಿಯರು ಜಾಗರಣದಲ್ಲಿ ಹಾಡುತ್ತಾರೆ. ಛತ್ರಪತಿ ಸಂಭಾಜಿನಗರದ ಮಗ್ಗುಲಿನ ಸಾತಾರಾ ಗ್ರಾಮದಲ್ಲೂ ಖಂಡೋಬನ ಗುಡಿಯಿದೆ. ಈ ಖಂಡೋಬನೇ ನಮ್ಮ ಮೈಲಾರಲಿಂಗ, ವಾಘ್ಯಾನಂಥವರೇ ನಮ್ಮ ಗೊರವರು. ಆ ಕತೆ 2014ರಲ್ಲಿ ‘ಜಯ್ ಮಲ್ಹಾರ್’ ಧಾರಾವಾಹಿಯಾಗಿ ಟೀವಿಗೂ ಬಂತು. ಅಲ್ಲಿಯೂ ಇಲ್ಲಿಯೂ ಕುರಿಗಾಹಿ, ಅಲ್ಲಿಯೂ ಇಲ್ಲಿಯೂ ರಾತ್ರಿಯಿಡೀ ಹಾಡು.

ಕಡೆಗೆ ಒಂದು ಕಿರಿಕಿರಿಯ ವಿಷಯ. ಜನಪದ ಹಾಡಿಗೆ ಬರೆದವರ ಹೆಸರಿಲ್ಲ, ಹಾಗಾಗಿ ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ. ಆದರೆ ಹಾಡಿನ ರೆಕಾರ್ಡಿಂಗಿಗೆ ಹಕ್ಕಿದೆ. ನಮ್ಮ ಕಾನೂನಿನಲ್ಲಿ ಅದರ ಅವಧಿ 60 ವರ್ಷ, ಅದು ಸೇರುವುದು ರೆಕಾರ್ಡಿಂಗ್ ಮಾಡಿಸಿದವರಿಗೆ. ತಲೆಮಾರುಗಳಿಂದ ಬಾಯಲ್ಲೇ ಉಳಿಸಿಕೊಂಡು ಬಂದ ಗುಡ್ಡರಿಗೆ ಸಿಗುವುದು ‘ಜಾನಪದ’ ಎಂಬ ಒಂದು ಪದ. ಹಾಡು ಕಲಿಸಿದ ಮೇಳದ ಹೆಸರನ್ನಾದರೂ ಹಾಕಬಹುದು. ಸಾಹಿತ್ಯ ಅಕಾಡೆಮಿ 2001ರಲ್ಲಿ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದ ತಂದಾಗ, ಹಾಡಿದ ಹೆಬ್ಬಣಿ ಮಾದಯ್ಯನವರ ಹೆಸರು ಉಳಿಯಿತಲ್ಲ! ರೇಡಿಯೋದಲ್ಲಿ ಕೂತ ನಮಗೂ ಈ ಮಾತು ಅನ್ವಯಿಸುತ್ತದೆ.

ಕಂಸಾಳೆ ಸಮೇತ ಕೇಳುವ ಆಸೆಯಿದ್ದವರು ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ ಅಥವಾ ದೀಪಾವಳಿಯ ಜಾತ್ರೆಗೆ ಬೆಟ್ಟ ಹತ್ತಿ. ಬಸ್ಸಿನಲ್ಲಿ ರಶ್ಶು ಜೋರಿರುತ್ತದೆ, ಮಾದಪ್ಪನಿಗೆ ‘ಉಘೇ’ ಎನ್ನುತ್ತ ನಡೆದೇ ಬರುವವರೂ ದಾರಿಯುದ್ದಕ್ಕೂ ಸಿಗುತ್ತಾರೆ.