ಮೊರಟೋರಿಯಂ ಅಂದರೆ ಸಾಲ ಮನ್ನಾನಾ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಸಾಲಕ್ಕೆ ಮೊರಟೋರಿಯಂ ಎಂಬ ಸುದ್ದಿ ಬಂದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಅದು "ಸಾಲ ಮನ್ನಾ" ಆಗಿಬಿಡುತ್ತದೆ. ಎರಡೂ ಒಂದೇನಾ? ಅಲ್ಲ. ಒಂದೇ ಎಂದು ನಂಬಿದರೆ ನಷ್ಟ ನಮ್ಮ ಜೇಬಿಗೇ.

ಪದದ ಅರ್ಥವೇನು?

'ತಡಮಾಡು' ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು ಮೊರಟೋರಿಯಂ. ಒಂದು ಕೆಲಸವನ್ನೋ ಹೊಣೆಯನ್ನೋ ಅಧಿಕೃತವಾಗಿ, ತಾತ್ಕಾಲಿಕವಾಗಿ ತಡೆಹಿಡಿಯುವುದು ಎಂದರ್ಥ. ಮನ್ನಾ ಆದರೆ ಬಾಕಿಯೇ ಇರುವುದಿಲ್ಲ. ಮೊರಟೋರಿಯಂನಲ್ಲಿ ಬಾಕಿ ಹಾಗೇ ಇರುತ್ತದೆ, ಕಟ್ಟುವ ದಿನ ಮಾತ್ರ ಮುಂದಕ್ಕೆ ಹೋಗುತ್ತದೆ.

2020ರಲ್ಲಿ ಆಗಿದ್ದೇನು?

ಕೊರೊನಾ ಲಾಕ್‌ಡೌನ್ ವೇಳೆ, ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ಮೊರಟೋರಿಯಂ ನೀಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ನಂತರ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಈ ಅವಧಿಯಲ್ಲಿ ಕಂತು ಕಟ್ಟದಿದ್ದರೂ ಸುಸ್ತಿದಾರ ಎಂದು ಪರಿಗಣಿಸುವಂತಿರಲಿಲ್ಲ. ಆದರೆ ಬಡ್ಡಿ ನಿಲ್ಲಲಿಲ್ಲ.

ನಾವು ಒಂದು ಸರಳ ಲೆಕ್ಕ ಹಾಕಿ ನೋಡೋಣ. ಬಾಕಿ 1 ಲಕ್ಷ ರೂಪಾಯಿ, ವರ್ಷಕ್ಕೆ ಶೇ. 12 ಬಡ್ಡಿ, ಅಂದರೆ ತಿಂಗಳಿಗೆ ಶೇ. 1. ಆರು ತಿಂಗಳು ಏನೂ ಕಟ್ಟದಿದ್ದರೆ ಬಡ್ಡಿಯೇ 6,000 ರೂಪಾಯಿ. ಬಡ್ಡಿಯ ಮೇಲೂ ಬಡ್ಡಿ ಸೇರಿದರೆ ಸುಮಾರು 6,152 ರೂಪಾಯಿ.

ಆ ಹೆಚ್ಚುವರಿ 152 ರೂಪಾಯಿಯಂಥ ಚಕ್ರಬಡ್ಡಿಯ ಭಾಗವನ್ನು ವಸೂಲಿ ಮಾಡಬಾರದು, ಮಾಡಿದ್ದರೆ ವಾಪಸ್ ಕೊಡಬೇಕು ಅಥವಾ ಮುಂದಿನ ಕಂತಿಗೆ ಹೊಂದಿಸಬೇಕು ಎಂದು 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಹೇಳಿತು. ಪೂರ್ತಿ ಬಡ್ಡಿ ಮನ್ನಾ ಮಾಡಲು ಮಾತ್ರ ಒಪ್ಪಲಿಲ್ಲ. ಅಂದರೆ ಆ 6,000 ಕಟ್ಟಲೇಬೇಕಿತ್ತು. ಹಾಗಾಗಿ ದುಡ್ಡಿದ್ದವರಿಗೆ ಕಂತು ಕಟ್ಟುವುದೇ ಲಾಭ. ಸಂಬಳವೇ ನಿಂತವರಿಗೆ ಮೊರಟೋರಿಯಂ ನಿಜವಾದ ಆಸರೆ.

ಸಾಲಕ್ಕೆ ಮಾತ್ರವೇ?

ಇಲ್ಲ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕ್ ಮೇಲೆ ಮೊರಟೋರಿಯಂ ಹೇರಿದಾಗ, ಸಾಮಾನ್ಯವಾಗಿ ಗ್ರಾಹಕರು 50,000 ರೂಪಾಯಿವರೆಗೆ ಮಾತ್ರ ಹಣ ತೆಗೆಯಬಹುದಿತ್ತು. ಮಾರ್ಚ್ 18ಕ್ಕೆ ನಿರ್ಬಂಧ ತೆರವಾಯಿತು. ಹಾಗಾಗಿ ಈ ಪದ ಕಂಡ ಕೂಡಲೇ "ಬ್ಯಾಂಕ್ ಮುಳುಗಿತು" ಎಂದು ಹಂಚುವುದೂ ತಪ್ಪು. 2010ರಲ್ಲಿ ಬಿಟಿ ಬದನೆಗೆ ಕೇಂದ್ರ ಸರ್ಕಾರ ಹಾಕಿದ ತಡೆಯೂ ಮೊರಟೋರಿಯಮ್ಮೇ.

ಮುಂದೆ ಇಂಥ ಮೆಸೇಜ್ ಬಂದರೆ ಮೂರು ಪ್ರಶ್ನೆ ಕೇಳಿ: ತಡೆ ಯಾವುದಕ್ಕೆ? ಎಲ್ಲಿಯವರೆಗೆ? ಬಡ್ಡಿ ಏನಾಗುತ್ತದೆ? ಉತ್ತರವನ್ನು ನಿಮ್ಮ ಬ್ಯಾಂಕಿನಲ್ಲೇ ಕೇಳಿ. ಕಂತು ಮುಂದೂಡುತ್ತೇವೆ ಎಂದು ಫೋನ್ ಮಾಡಿದವರಿಗೆ ಒಟಿಪಿ ಮಾತ್ರ ಹೇಳಬೇಡಿ.